ಬಿಸಿಲಿಗೊಂದು, ಮಳೆಗೊಂದು: ಟ್ರ್ಯಾಕಿಗಿಳಿಯುವ ಕಾರಿಗೆ ಯಾವ ಟೈರ್?

ಸೆಪ್ಟೆಂಬರಿನ ಮಳೆ ನಿಂತ ಮರುದಿನ ಮುಡಬಿಯ ಹೊಲಗಳಿಂದ ಡಾಂಬರು ರಸ್ತೆಗೆ ಏರುವ ಟ್ರ್ಯಾಕ್ಟರುಗಳು ಚಕ್ರಕ್ಕೆ ಮೆತ್ತಿದ ಎರೆಮಣ್ಣನ್ನೂ ಜೊತೆಗೆ ಹೊತ್ತು ತರುತ್ತವೆ. ಹತ್ತಿಪ್ಪತ್ತು ಮಾರು ದೂರ ರಸ್ತೆಯ ತುಂಬ ಕರಿ ಹೆಂಟೆ. ಅದರ ಮೇಲೆ ಇನ್ನೆರಡು ಹನಿ ಬಿದ್ದರೆ ಸಾಬೂನು ಸವರಿದಂತೆ. ಆ ಟ್ರ್ಯಾಕ್ಟರ್ ಓಡಿಸುವ ಹುಡುಗರನ್ನು ಕೇಳಿ ನೋಡಿ: ಮುಂದಿನ ಗಾಲಿಯಲ್ಲಿ ಉದ್ದುದ್ದ ಏಣು, ಹಿಂದಿನ ಗಾಲಿಯಲ್ಲಿ ಬಾಣದ ತಲೆಯಂಥ ದಪ್ಪ ಬಟನ್ ಯಾಕೆ? ಮುಂದಿನದು ದಾರಿ ಬಿಡದಿರಲಿಕ್ಕೆ, ಹಿಂದಿನದು ಎಳೆಯಲಿಕ್ಕೆ ಎಂದು ತಡವರಿಸದೆ ಹೇಳುತ್ತಾರೆ. ಬಾಣವನ್ನು ತಿರುವುಮುರುವಾಗಿ ಕೂರಿಸಿದರೆ ಮಣ್ಣು ಉದುರುವುದಿಲ್ಲ, ಸಂದಿಯಲ್ಲೇ ತುಂಬಿಕೊಳ್ಳುತ್ತದೆ ಎಂಬುದೂ ಅವರಿಗೆ ಗೊತ್ತು.

ಇಷ್ಟು ಸೂಕ್ಷ್ಮವಾದ ತಿಳಿವಳಿಕೆ ಕಾರಿನ ಟೈರಿನ ಮಾತು ಬಂದಾಗ ನಮ್ಮಲ್ಲಿ ಕಾಣೆಯಾಗುತ್ತದೆ. ಅಂಗಡಿಯವರು ಕೊಟ್ಟದ್ದು, ರೇಟು ಹೊಂದಿದ್ದು, ಮೈಲೇಜು ಬರುವುದು, ಅಷ್ಟೇ. ಆದರೆ ಇತ್ತೀಚಿನ ವರ್ಷಗಳಲ್ಲಿ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗರೂ ತಮ್ಮ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಕನಸು ಕಾಣತೊಡಗಿದ್ದಾರೆ. ಶುಲ್ಕ ಕಟ್ಟಿ, ಹೆಲ್ಮೆಟ್ ಹಾಕಿ, ಎದುರಿನಿಂದ ವಾಹನ ಬಾರದ ಮುಚ್ಚಿದ ಪಥದಲ್ಲಿ ಕಾರನ್ನೂ ತನ್ನನ್ನೂ ಪರೀಕ್ಷಿಸಿಕೊಳ್ಳುವ ದಿನವೇ ಟ್ರ್ಯಾಕ್ ಡೇ. ಅಲ್ಲಿ ಬಹುಮಾನವಿಲ್ಲ, ಪಂದ್ಯವಿಲ್ಲ. ಕರ್ನಾಟಕದಲ್ಲಿ ಪೂರ್ಣ ಪ್ರಮಾಣದ ರೇಸ್ ಟ್ರ್ಯಾಕ್ ಇಲ್ಲ. ಹಾಗಾಗಿ ಮುಡಬಿಯವನು ಹುಮನಾಬಾದ್, ಜಹೀರಾಬಾದ್, ಹೈದರಾಬಾದ್ ದಾಟಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ, ಇನ್ನೂ ದೂರದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕು. ಚೆನ್ನೈಗೇ ಒಂದು ದಿಕ್ಕಿಗೆ ಸುಮಾರು ಎಂಟುನೂರು ಕಿಲೋಮೀಟರ್.

ತೊಡಕಿರುವುದು ಇಲ್ಲೇ. ನಮ್ಮ ಮಳೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ. ಚೆನ್ನೈಯ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ನವೆಂಬರಿನಲ್ಲಿ ಒಣಗುತ್ತಿರುವ ತೊಗರಿ ಹೊಲ ನೋಡುತ್ತ ಹೊರಟವನಿಗೆ ಅಲ್ಲಿ ಟ್ರ್ಯಾಕ್ ಮೇಲೆ ನೀರು ನಿಂತಿರಬಹುದು. ಹೀಗಿರುವಾಗ ಯಾವ ಟೈರ್ ಹಾಕಿಕೊಂಡು ಹೊರಡಬೇಕು?

ಹವಾ ತುಂಬಿದ ಗಾಲಿಯ ಕಥೆ

ಈ ಪ್ರಶ್ನೆಗೆ ಟೈರಿನಷ್ಟೇ ವಯಸ್ಸು. ರಬ್ಬರನ್ನು ಗಂಧಕದೊಂದಿಗೆ ಬೇಯಿಸಿದರೆ ಬಿಸಿಲಿಗೆ ಕರಗದೆ, ಚಳಿಗೆ ಸಿಡಿಯದೆ ನಿಲ್ಲುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಗಾಳಿ ತುಂಬಿದ ಚಕ್ರಕ್ಕೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿ ಪೇಟೆಂಟ್ ಪಡೆದ, ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಾಪ್ ಅದನ್ನೇ ಮತ್ತೆ ಕಂಡುಹಿಡಿದ. ಅವನ ಹೆಸರು ನಮ್ಮ ಹಳ್ಳಿಗಳಿಗೆ ಬಂದದ್ದು ಕಾರಿನ ಮೂಲಕವಲ್ಲ, ಎತ್ತಿನ ಮೂಲಕ. ಕಬ್ಬಿಣದ ಪಟ್ಟಿಯ ಬಂಡಿ ಎರೆಯಲ್ಲಿ ಹೂತು ನಿಲ್ಲುತ್ತಿದ್ದಾಗ ರಬ್ಬರ್ ಗಾಲಿಯ ‘ಡನ್‌ಲಾಪ್ ಗಾಡಿ’ ಅದೇ ಜೋಡಿ ಎತ್ತಿಗೆ ಹೆಚ್ಚು ಹೊರೆ ಎಳೆಯುವ ಬಲ ಕೊಟ್ಟಿತು. ಅಗಲವಾದ ಗಾಲಿ ಭಾರವನ್ನು ಹರಡುತ್ತದೆ ಎಂಬ ಪಾಠವನ್ನು ನಮ್ಮ ರೈತರು ಕಲಿತದ್ದು ಅಲ್ಲಿ.

ಕಾರಿಗೆ ಗಾಳಿಯ ಟೈರ್ ಹಾಕಿ ಪಂದ್ಯಕ್ಕಿಳಿದವರು ಫ್ರಾನ್ಸಿನ ಮಿಷೆಲಿನ್ ಸಹೋದರರು, 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಓಟದಲ್ಲಿ. ದಾರಿಯುದ್ದಕ್ಕೂ ಪಂಕ್ಚರ್ ಹಾಕಿಕೊಳ್ಳುತ್ತಲೇ ಓಡಿಸಿದರು. ಅದೇ ಕಂಪನಿ ಎರಡನೇ ಮಹಾಯುದ್ಧದ ಬೆನ್ನಿಗೇ ರೇಡಿಯಲ್ ಟೈರ್ ತಂದಿತು. ಭಾರತದಲ್ಲಿ ರೇಡಿಯಲ್ ಬಂದದ್ದು 1977ರಲ್ಲಿ, ಜೆಕೆ ಟೈರ್ ಮೂಲಕ. ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ: ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಕೈಸೇರಿತು, ಆ ಕಾರ್ಖಾನೆ ಈಗಲೂ ನಡೆಯುತ್ತಿದೆ.

ಬಟನ್ನೇ ಇಲ್ಲದ ನುಣ್ಣನೆಯ ಟೈರ್, ಅಂದರೆ ಸ್ಲಿಕ್, ಫಾರ್ಮುಲಾ ಒನ್‌ಗೆ ಬಂದದ್ದು 1971ರಲ್ಲಿ. ಅಲ್ಲಿಂದ ಪ್ರಶ್ನೆ ಎರಡಾಗಿ ಸೀಳಿತು. ಒಣ ನೆಲಕ್ಕೊಂದು, ಒದ್ದೆ ನೆಲಕ್ಕೊಂದು ಟೈರ್ ಎಂಬುದು ರೇಸಿನವರಿಗೆ ನಿಯಮವಾಯಿತು. ಮನೆಯ ಕಾರನ್ನೇ ಟ್ರ್ಯಾಕಿಗೆ ಒಯ್ಯುವವನಿಗೆ ಅದೇ ದೊಡ್ಡ ಜಿಜ್ಞಾಸೆಯಾಯಿತು.

ಒಣ ನೆಲದ ವಾದ: ರಬ್ಬರ್ ತಾಗಿದಷ್ಟೂ ಹಿಡಿತ

ರಬ್ಬರ್ ನೆಲವನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು ಅಂಟು: ರಬ್ಬರೂ ಕಲ್ಲೂ ತೀರ ಹತ್ತಿರ ಬಂದಾಗ ಹುಟ್ಟುವ ಸೆಳೆತ. ಇನ್ನೊಂದು ಒತ್ತು: ಡಾಂಬರಿನ ಕಲ್ಲಿನ ಮೊನೆಗಳ ಮೇಲೆ ರಬ್ಬರ್ ತಗ್ಗಿ, ಮತ್ತೆ ಮೊದಲಿನ ಆಕಾರಕ್ಕೆ ಮರಳುವಾಗ ತೋರುವ ಸೋಮಾರಿತನ. ಆ ಸೋಮಾರಿತನದಲ್ಲಿ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ, ಆ ನಷ್ಟವೇ ಹಿಡಿತವಾಗುತ್ತದೆ. ಒಣ ನೆಲದಲ್ಲಿ ಎರಡೂ ಕೆಲಸ ಮಾಡುತ್ತವೆ. ಹಾಗಾಗಿ ಈ ಪಂಥದವರ ಮಾತು ನೇರ: ಗೀರು ಕಡಿಮೆಯಿದ್ದಷ್ಟೂ ರಬ್ಬರ್ ಹೆಚ್ಚು ತಾಗುತ್ತದೆ, ಮೆತ್ತನೆಯ ರಬ್ಬರ್ ಇದ್ದಷ್ಟೂ ಒಳ್ಳೆಯದು.

ಅವರ ಪರವಾಗಿ ಒಂದು ಗಟ್ಟಿ ಸಾಕ್ಷಿಯಿದೆ. 1998ರಿಂದ 2008ರವರೆಗೆ ಫಾರ್ಮುಲಾ ಒನ್ ಕಾರುಗಳ ಒಣ ಟೈರಿಗೂ ಗೀರು ಕಡ್ಡಾಯವಾಗಿತ್ತು. ಅದು ನೀರು ಓಡಿಸಲಿಕ್ಕಲ್ಲ, ಹಿಡಿತ ಕಡಿಮೆಯಾಗಿ ಕಾರುಗಳ ವೇಗ ಇಳಿಯಲಿ ಎಂದು. ಗೀರು ಹಿಡಿತವನ್ನು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಅಧಿಕೃತ ಒಪ್ಪಿಗೆ ಬೇಕಿಲ್ಲ.

ಮನೆಯ ಕಾರಿನವನು ಗಮನಿಸಬೇಕಾದದ್ದು ಇನ್ನೊಂದಿದೆ. ಹೊಸ ರಸ್ತೆ ಟೈರಿನ ಬಟನ್ ಏಳೆಂಟು ಮಿಲಿಮೀಟರ್ ಎತ್ತರ. ಟ್ರ್ಯಾಕಿನ ತಿರುವಿನಲ್ಲಿ ಈ ಎತ್ತರದ ತುಂಡುಗಳು ಬಾಗುತ್ತವೆ, ಉಜ್ಜುತ್ತವೆ, ಕಾಯುತ್ತವೆ, ಕೊನೆಗೆ ಅಂಚು ಕಿತ್ತು ಹಾರುತ್ತದೆ. ಅರ್ಧ ಸವೆದ ಟೈರ್ ಒಣ ಟ್ರ್ಯಾಕಿನಲ್ಲಿ ಹೊಸದಕ್ಕಿಂತ ಚೆನ್ನಾಗಿ ನಿಲ್ಲುವುದು ಇದಕ್ಕೇ. ಹೊಸ ಟೈರನ್ನು ಬೇಕೆಂದೇ ಹೆರೆದು ಓಡಿಸುವವರೂ ಇದ್ದಾರೆ.

ಕೆಲವು ಟೈರುಗಳ ಪಕ್ಕೆಯ ಮೇಲೆ ಸವೆತದ ಅಂಕೆ ಇರುತ್ತದೆ. 400ರ ಆಚೆಯದು ಬಾಳಿಕೆಯ ಟೈರ್, 200ರ ಆಸುಪಾಸಿನದು ಟ್ರ್ಯಾಕ್ ಡೇಯವರ ಮೆಚ್ಚಿನದು, 100ರ ಕೆಳಗಿನದು ರೇಸಿನ ಅರೆ-ಸ್ಲಿಕ್. ಆದರೆ ಈ ಅಂಕೆಯನ್ನು ಕಂಪನಿಗಳು ತಾವೇ ಕೊಟ್ಟುಕೊಳ್ಳುತ್ತವೆ. ಒಂದು ಕಂಪನಿಯ 200ನ್ನು ಇನ್ನೊಂದರ 200ರ ಜೊತೆ ತೂಗುವುದು ತರವಲ್ಲ. ಪಕ್ಕದಲ್ಲೇ ಇರುವ ಎಎ, ಎ, ಬಿ, ಸಿ ಎಂಬ ದರ್ಜೆ ಒದ್ದೆ ನೆಲದ ಮೇಲೆ ನೇರ ಗೆರೆಯಲ್ಲಿ ಬ್ರೇಕ್ ಹಿಡಿದ ಪರೀಕ್ಷೆಯದು. ತಿರುವಿನ ಬಗ್ಗೆಯಾಗಲಿ, ನಿಂತ ನೀರಿನ ಬಗ್ಗೆಯಾಗಲಿ ಅದು ಏನನ್ನೂ ಹೇಳುವುದಿಲ್ಲ.

ಗೀರಿನ ವಾದ: ಸೆಕೆಂಡಿಗೊಂದು ಕೊಡ ನೀರು

ನೆಲದ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ ಎನ್ನಿ. ಇಪ್ಪತ್ತು ಸೆಂಟಿಮೀಟರ್ ಅಗಲದ ಟೈರ್ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ ಪ್ರತಿ ಸೆಕೆಂಡಿಗೆ ಹದಿಮೂರು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಹೆಚ್ಚುಕಡಿಮೆ ಒಂದು ಕೊಡ ನೀರು, ಒಂದೊಂದು ಗಾಲಿಯೂ, ಪ್ರತಿ ಸೆಕೆಂಡಿಗೆ. ಸರಿಸಲಾಗದಿದ್ದರೆ ಟೈರಿನ ಮುಂದೆ ನೀರಿನ ಬೆಣೆ ಕಟ್ಟುತ್ತದೆ, ಬೆಣೆ ಒಳಹೊಕ್ಕು ಟೈರನ್ನು ಎತ್ತುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಅದನ್ನು ಒಮ್ಮೆ ಕೈಯಲ್ಲಿ ಅನುಭವಿಸಿದವರು ಮರೆಯುವುದಿಲ್ಲ.

ಅಮೆರಿಕದ ನಾಸಾದ ಸಂಶೋಧಕರು 1960ರ ದಶಕದಲ್ಲಿ ವಿಮಾನದ ಗಾಲಿಗಳ ಮೇಲೆ ಪ್ರಯೋಗ ಮಾಡಿ ಒಂದು ಸರಳ ಸೂತ್ರ ಕೊಟ್ಟರು. ಟೈರಿನ ಹವಾ ಎಷ್ಟು ಪಿಎಸ್‌ಐ ಇದೆಯೋ ಅದರ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ, ಟೈರ್ ನೀರಿನ ಮೇಲೆ ತೇಲುವ ವೇಗ ಗಂಟೆಗೆ ಕಿಲೋಮೀಟರಿನಲ್ಲಿ ಸಿಗುತ್ತದೆ. 36 ಪಿಎಸ್‌ಐಗೆ 100 ಕಿಲೋಮೀಟರ್, 25ಕ್ಕೆ 83. ಇದು ಬಟನ್ ಮುಳುಗುವಷ್ಟು ನೀರಿನಲ್ಲಿ, ವಿಮಾನದ ಟೈರಿಗೆ ಹೇಳಿದ ಮಾತು. ಕಾರಿನ ಅಗಲ ಟೈರಿಗೆ ಹಾಗೆಯೇ ಅನ್ವಯಿಸಲಾಗದು, ಆದರೆ ದಿಕ್ಕು ತೋರಿಸುತ್ತದೆ.

ಗೀರಿನ ಪಂಥದವರು ಇಲ್ಲಿಂದ ಹೊರಡುತ್ತಾರೆ. ಸುತ್ತಲೂ ಓಡುವ ಉದ್ದ ಗೀರು ನೀರಿಗೆ ಕಾಲುವೆ, ಅಡ್ಡ ಗೀರು ನೀರನ್ನು ಪಕ್ಕಕ್ಕೆ ಎಸೆಯುವ ತೂಬು. ಟ್ರ್ಯಾಕ್ಟರಿನ ಮುಂದಿನ ಏಣು, ಹಿಂದಿನ ಬಾಣ ಎರಡನ್ನೂ ಒಂದೇ ಟೈರಿನಲ್ಲಿ ಸೇರಿಸಿದಂತೆ. ಫಾರ್ಮುಲಾ ಒನ್‌ಗೆ ಟೈರ್ ಕೊಡುವ ಪಿರೆಲ್ಲಿ ಕಂಪನಿ ತನ್ನ ಪೂರ್ಣ ಮಳೆ ಟೈರ್ 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಹೊರಹಾಕುತ್ತದೆ, ಸ್ಲಿಕ್‌ಗೂ ಮಳೆ ಟೈರಿಗೂ ನಡುವಣ ಟೈರ್ 30 ಲೀಟರ್ ಎನ್ನುತ್ತದೆ. ಅಗಲದ ವಿಷಯದಲ್ಲಿ ಡನ್‌ಲಾಪ್ ಗಾಡಿಯ ಪಾಠ ಇಲ್ಲಿ ತಲೆಕೆಳಗು: ಅಗಲ ಹೆಚ್ಚಿದಷ್ಟೂ ಸರಿಸಬೇಕಾದ ನೀರು ಹೆಚ್ಚು, ತೇಲುವುದು ಬೇಗ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಿ ರ್ಯಾಲಿ ಓಡಿಸುವವರಿಗೂ ಇದು ಗೊತ್ತಿರುವ ಮಾತು. ಮೇಲಿನ ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಮುಟ್ಟಲು ಕಿರಿದಾದ ಟೈರೇ ಬೇಕು.

ರಬ್ಬರಿನ ರಸಾಯನದ ವಾದ

ಮೂರನೆಯವರು ಹೇಳುತ್ತಾರೆ: ನೀವು ಮಳೆ ಎಂದರೆ ನಿಂತ ನೀರು ಎಂದೇ ಭಾವಿಸಿದ್ದೀರಿ. ಟ್ರ್ಯಾಕ್ ಒದ್ದೆಯಾಗಿದ್ದರೂ ನೀರಿನ ಪದರ ಬಹಳ ಸಲ ಒಂದು ಮಿಲಿಮೀಟರಿಗಿಂತ ತೆಳುವಾಗಿರುತ್ತದೆ. ಆಗ ಟೈರ್ ತೇಲುವುದಿಲ್ಲ. ಆದರೆ ಆ ತೆಳು ಪದರ ಅಂಟನ್ನು ಕೊಲ್ಲುತ್ತದೆ. ಉಳಿಯುವುದು ಒತ್ತು ಮಾತ್ರ. ಅದು ಗೀರಿನ ಕೆಲಸವಲ್ಲ, ರಬ್ಬರಿನ ಗುಣದ ಕೆಲಸ.

ಇವರ ವಾದಕ್ಕೆ ಬಲ ಬಂದದ್ದು 1990ರ ದಶಕದ ಆರಂಭದಲ್ಲಿ, ಮಿಷೆಲಿನ್ ರಬ್ಬರಿನಲ್ಲಿ ಇಂಗಾಲದ ಮಸಿಯ ಬಹುಪಾಲಿಗೆ ಬದಲಾಗಿ ಸಿಲಿಕಾ ಬೆರೆಸಿ ಕಾರಿನ ಟೈರ್ ತಂದಾಗ. ಅಲ್ಲಿಯವರೆಗೆ ಒದ್ದೆ ನೆಲದ ಹಿಡಿತ ಬೇಕಾದರೆ ಇಂಧನ ಹೆಚ್ಚು ಸುಡಬೇಕಿತ್ತು. ಸಿಲಿಕಾ ಆ ಗಂಟನ್ನು ಸಡಿಲಿಸಿತು. ಪ್ರಯೋಗಾಲಯದಲ್ಲಿ ರಬ್ಬರಿನ ಸೋಮಾರಿತನವನ್ನು ಸೊನ್ನೆ ಡಿಗ್ರಿಯ ಹತ್ತಿರ ಅಳೆದು ಒದ್ದೆ ಹಿಡಿತವನ್ನೂ 60 ಡಿಗ್ರಿಯಲ್ಲಿ ಅಳೆದು ಉರುಳುವಾಗಿನ ಎಳೆತವನ್ನೂ ಅಂದಾಜು ಮಾಡುತ್ತಾರೆ. ಒಂದೇ ರಬ್ಬರ್ ಎರಡು ಉಷ್ಣತೆಯಲ್ಲಿ ಎರಡು ಸ್ವಭಾವ ತೋರಿಸುವಂತೆ ಮಾಡುವುದೇ ಇವತ್ತಿನ ಟೈರ್ ರಸಾಯನದ ತಿರುಳು.

ನನ್ನ ಒಲವು ಬಹುಮಟ್ಟಿಗೆ ಇವರ ಕಡೆಗೆ. ಫಾರ್ಮುಲಾ ಒನ್‌ನಲ್ಲೂ ಪೂರ್ಣ ಮಳೆ ಟೈರಿಗೆ ಕೆಲಸ ಸಿಗುವುದು ಅಪರೂಪ: ಅದು ಬೇಕಾಗುವಷ್ಟು ನೀರಿದ್ದರೆ ಎರಚುವ ತುಂತುರಿನಲ್ಲಿ ಮುಂದಿನ ಕಾರೇ ಕಾಣುವುದಿಲ್ಲ, ಓಟವೇ ನಿಲ್ಲುತ್ತದೆ. 2021ರ ಬೆಲ್ಜಿಯಂ ಓಟ ಸುರಕ್ಷಾ ಕಾರಿನ ಹಿಂದೆ ಕೆಲವೇ ಸುತ್ತು ಸಾಗಿ ಅರ್ಧ ಅಂಕಗಳೊಂದಿಗೆ ಮುಗಿದುಹೋಯಿತು. ಟ್ರ್ಯಾಕ್ ಡೇಯಲ್ಲೂ ಅಷ್ಟು ಮಳೆ ಬಂದರೆ ಕೆಂಪು ಬಾವುಟ ತೋರಿಸುತ್ತಾರೆ.

ಆದರೆ ಈ ವಾದವನ್ನು ಸ್ಲಿಕ್‌ವರೆಗೆ ಎಳೆಯಬಾರದು. ಅರೆ-ಸ್ಲಿಕ್ ರಬ್ಬರ್ ಚೆನ್ನಾಗಿ ಹಿಡಿಯಲು ಎಪ್ಪತ್ತು ಎಂಬತ್ತು ಡಿಗ್ರಿ ಕಾಯಬೇಕು. ಒದ್ದೆ ನೆಲ ಅದನ್ನು ಕಾಯಲು ಬಿಡುವುದಿಲ್ಲ. ತಣ್ಣಗಾದ ರಬ್ಬರ್ ಮರದಂತೆ ಗಡುಸಾಗುತ್ತದೆ. ಅತ್ತ ಮಳೆ ಟೈರನ್ನು ಒಣ ನೆಲದಲ್ಲಿ ಓಡಿಸಿದರೆ ಅದರ ಮೆತ್ತನೆಯ ಬಟನ್ ಕೆಲವೇ ಸುತ್ತಿನಲ್ಲಿ ಬೆಂದುಹೋಗುತ್ತದೆ. ಟ್ರ್ಯಾಕ್ ಒಣಗುತ್ತಿರುವಾಗ ರೇಸಿನವರು ಬೇಕೆಂದೇ ನೀರಿರುವ ಕಡೆ ಗಾಲಿ ಹಾಯಿಸುವುದು ಅದನ್ನು ತಂಪಾಗಿಡಲಿಕ್ಕೆ.

ಹವಾ ಎಷ್ಟು?

ಟೈರಿನ ವಿಷಯದಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಇಲ್ಲಿ. ನಮ್ಮ ಕಡೆಯ ನಂಬಿಕೆ: ಬೇಸಿಗೆಯಲ್ಲಿ ಹವಾ ಕಡಿಮೆ ಹಾಕಬೇಕು, ಇಲ್ಲದಿದ್ದರೆ ಟೈರ್ ಒಡೆಯುತ್ತದೆ. ಹೆದ್ದಾರಿಯ ಪಂಕ್ಚರ್ ಅಂಗಡಿಯೊಂದರಲ್ಲಿ ಮೇ ತಿಂಗಳ ಮಧ್ಯಾಹ್ನ ನನ್ನ ಕಾರಿನ ಹವಾ ಕೇಳದೆಯೇ ಇಳಿಸಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಆದರೆ ಹವಾ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ, ಹೆಚ್ಚು ಕಾಯುತ್ತದೆ. ಹೆದ್ದಾರಿಯಲ್ಲಿ ಟೈರ್ ಒಡೆಯಲು ಅದೇ ದೊಡ್ಡ ಕಾರಣಗಳಲ್ಲೊಂದು.

ಟ್ರ್ಯಾಕಿನವರು ಮಾತ್ರ ಹವಾ ಇಳಿಸಿಯೇ ಶುರುಮಾಡುತ್ತಾರೆ, ಅದಕ್ಕೊಂದು ಲೆಕ್ಕವಿದೆ. ಒಳಗಿನ ಗಾಳಿ ಹತ್ತು ಡಿಗ್ರಿ ಕಾದರೆ ಹವಾ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿಲಿನ ಟ್ರ್ಯಾಕಿನಲ್ಲಿ ಐವತ್ತು ಡಿಗ್ರಿ ಕಾದರೆ ಏಳು ಪಿಎಸ್‌ಐ. ಓಡುವಾಗ 34 ಇರಬೇಕೆಂದರೆ ತಣ್ಣಗಿದ್ದಾಗ 27 ಇಡಬೇಕು. ನೈಟ್ರೋಜನ್ ತುಂಬಿಸಿದರೆ ಏರುವುದಿಲ್ಲ ಎನ್ನುವುದು ಸರಿಯಲ್ಲ. ಒಣ ಗಾಳಿಯೂ ನೈಟ್ರೋಜನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ವ್ಯತ್ಯಾಸ ಮಾಡುವುದು ಗಾಳಿಯೊಳಗಿನ ತೇವ.

ಮಳೆ ಬಂದಾಗ ಏನು ಮಾಡಬೇಕು? ಏರಿಸಿ, ಗೀರು ಬಿಚ್ಚಿಕೊಳ್ಳುತ್ತದೆ, ತೇಲುವ ವೇಗ ಮೇಲೇರುತ್ತದೆ ಎಂದು ಒಂದು ಗುಂಪು. ಇಳಿಸಿ, ಟೈರ್ ಬಾಗಿ ಕಾಯುತ್ತದೆ, ನೆಲಕ್ಕೆ ಹೆಚ್ಚು ತಾಗುತ್ತದೆ ಎಂದು ಇನ್ನೊಂದು. ಈ ಜಗಳದ ಅರ್ಧಭಾಗ ಬರೀ ಮಾತಿನ ಗೊಂದಲ ಎಂದು ನನಗೆ ಅನ್ನಿಸುತ್ತದೆ: ಒಬ್ಬರು ತಣ್ಣಗಿನ ಹವಾ ಹೇಳುತ್ತಿದ್ದಾರೆ, ಇನ್ನೊಬ್ಬರು ಬಿಸಿಯದು. ಒದ್ದೆ ಟ್ರ್ಯಾಕಿನಲ್ಲಿ ಹವಾ ಏಳರ ಬದಲು ಎರಡು ಮೂರು ಪಿಎಸ್‌ಐ ಮಾತ್ರ ಏರುತ್ತದೆ. ಓಡುವಾಗಿನ 34 ಬೇಕೆಂದರೆ ಶುರುವಿನಲ್ಲೇ 31 ಇಡಬೇಕು. ‘ಮಳೆಗೆ ಏರಿಸು’ ಎಂಬುದರ ಅರ್ಥ ಬಹುತೇಕ ಇಷ್ಟೇ. ನೀರು ನಿಂತಿದ್ದರೆ ಈ 34ರ ಗುರಿಯನ್ನೇ ಬದಲಿಸಬೇಕೇ ಎಂಬುದು ಉಳಿದ ಅರ್ಧ ಜಗಳ, ಅದು ನಿಜವಾದದ್ದು.

ಟ್ರ್ಯಾಕ್ ಮುಗಿಸಿ ಹೊರಡುವ ಗಡಿಬಿಡಿಯಲ್ಲಿ ಮರೆತುಹೋಗುವ ಒಂದು ಕೆಲಸವಿದೆ. ಬಿಸಿಯಲ್ಲಿ 34 ತೋರಿಸಿದ ಟೈರ್ ಸಂಜೆ ತಣ್ಣಗಾದಾಗ 27ಕ್ಕೆ ಇಳಿದಿರುತ್ತದೆ. ಹಾಗೆಯೇ ಸಾಮಾನು ತುಂಬಿಕೊಂಡು ಎಂಟುನೂರು ಕಿಲೋಮೀಟರ್ ಹೆದ್ದಾರಿಗೆ ಬಿದ್ದರೆ ಮಳೆಯಲ್ಲಿ ತೇಲುವ ಭಯವೂ ಒಣಗಿದಲ್ಲಿ ಒಡೆಯುವ ಭಯವೂ ಎರಡೂ ಜೊತೆಗೆ ಬರುತ್ತವೆ. ಕಾರಿನ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವ ಹವಾ ಹಾಕಿಸದೆ ಟ್ರ್ಯಾಕಿನ ಗೇಟು ದಾಟಬಾರದು.

ಒಂದೇ ಸೆಟ್ಟೋ, ಎರಡೋ?

ಚೆನ್ನೈಯಲ್ಲಿ ಮನೆಯಿರುವವನಿಗೆ ಎರಡು ಸೆಟ್ ಚಕ್ರ ಇಟ್ಟುಕೊಳ್ಳುವುದು ಸುಲಭ. ಮುಡಬಿಯಿಂದ ಹೋಗುವವನು ಸಣ್ಣ ಕಾರಿನ ಹಿಂದಿನ ಸೀಟು ಮಡಚಿ, ಒಂದೊಂದೂ ಹದಿನೈದು ಕಿಲೋ ಮೇಲ್ಪಟ್ಟ ನಾಲ್ಕು ಗಾಲಿ, ಜಾಕು, ಪಾನ ಎಲ್ಲ ಹೊತ್ತೊಯ್ಯಬೇಕು. ಸಿಗುವುದೂ ಸುಲಭವಲ್ಲ: 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಅರೆ-ಸ್ಲಿಕ್‌ಗಳ ಆಯ್ಕೆ ಕಿರಿದಾಯಿತು. ನಮ್ಮ ಕಂಪನಿಗಳಿಗೆ ಕೌಶಲ ಇಲ್ಲವೆಂದಲ್ಲ. 2022ರ ಯುರೋಪಿಯನ್ ರ್ಯಾಲಿ ಚಾಂಪಿಯನ್ ಎಫ್ರೆನ್ ಯಾರೆನಾ ಓಡಿಸಿದ್ದು ಎಂಆರ್‌ಎಫ್ ಟೈರಿನ ಮೇಲೆ. ಆ ಕೌಶಲ ಮಾರುತಿ, ಹ್ಯುಂಡೈ ಓಡಿಸುವವನ ಅಳತೆಯ ಟ್ರ್ಯಾಕ್ ಟೈರಾಗಿ ಪೇಟೆಗೆ ಬರಬೇಕು ಎಂಬುದು ನನ್ನ ಬಹುಕಾಲದ ಆಸೆ.

ಹಾಗಾಗಿ ನಮ್ಮ ಭಾಗದವರಿಗೆ ನಾನು ಹೇಳುವುದು ಒಂದೇ ಸೆಟ್. ಒದ್ದೆ ಹಿಡಿತಕ್ಕೆ ಹೆಸರಾದ, ಬಟನ್ ಕನಿಷ್ಠ ಐದು ಮಿಲಿಮೀಟರ್ ಉಳಿದ, ಮೂರು ವರ್ಷಕ್ಕಿಂತ ಹಳೆಯದಲ್ಲದ ರಸ್ತೆಯ ಸ್ಪೋರ್ಟ್ಸ್ ಟೈರ್. ಪಕ್ಕೆಯ ಮೇಲೆ ನಾಲ್ಕು ಅಂಕೆ ನೋಡಿ: 2324 ಎಂದಿದ್ದರೆ 2024ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಒಣ ದಿನ ಸುತ್ತಿಗೆ ಎರಡು ಮೂರು ಸೆಕೆಂಡು ಹೋದರೆ ಹೋಗಲಿ. ಎರಡೇ ಹೊಸ ಟೈರ್ ಕೊಳ್ಳುವ ಶಕ್ತಿಯಿದ್ದರೆ ಅವು ಹಿಂದಕ್ಕೆ ಹೋಗಲಿ, ಎಂಜಿನ್ ಮುಂದಿನ ಗಾಲಿಗಳನ್ನು ಓಡಿಸುವ ಕಾರಿನಲ್ಲೂ ಸಹ. ಮುಂದಿನವು ತೇಲಿದರೆ ಕಾರು ನೇರ ಜಾರುತ್ತದೆ, ಚಾಲಕ ಕಾಲು ತೆಗೆಯುತ್ತಾನೆ. ಹಿಂದಿನವು ತೇಲಿದರೆ ಕಾರು ಬುಗುರಿಯಾಗುತ್ತದೆ.

ಬದಲಿಸುವ ಗಳಿಗೆ

ಎರಡು ಸೆಟ್ ಇದ್ದವರಿಗೂ ಕೊನೆಗೆ ಉಳಿಯುವ ಪ್ರಶ್ನೆ ಇದು: ಯಾವಾಗ? ಬೆಂಗಳೂರಿನ ವಿಜಯ್ ಮಲ್ಯ ಕಟ್ಟಿದ ಫೋರ್ಸ್ ಇಂಡಿಯಾ ತಂಡದ ಅತಿ ದೊಡ್ಡ ದಿನಗಳಲ್ಲೊಂದು ಇದೇ ಪ್ರಶ್ನೆಯ ಸುತ್ತ ನಡೆಯಿತು. 2012ರ ನವೆಂಬರ್ 25ರಂದು ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಜಿನುಗು ಮಳೆ. ಮುಂಚೂಣಿಯ ಬಹುತೇಕರು ನಡುವಣ ಟೈರಿಗೆ ಓಡಿದರು. ಆ ತಂಡದ ನಿಕೋ ಹಲ್ಕೆನ್‌ಬರ್ಗ್ ಮತ್ತು ಮೆಕ್ಲಾರೆನ್‌ನ ಜೆನ್ಸನ್ ಬಟನ್ ಮಾತ್ರ ಒಣ ಟೈರಿನಲ್ಲೇ ಜಾರುತ್ತ ಬಾಗುತ್ತ ಉಳಿದರು. ಮಳೆ ಹಗುರವಾಯಿತು, ಅವರಿಬ್ಬರೂ ಉಳಿದವರಿಗಿಂತ ನಲವತ್ತು ಸೆಕೆಂಡಿಗೂ ಹೆಚ್ಚು ಮುಂದೆ ಹೋದರು. ನಂತರ ಸುರಕ್ಷಾ ಕಾರು ಬಂದು ಆ ಅಂತರ ಅಳಿಸಿತು. ಬಹಳ ಸುತ್ತು ಮುಂದಿದ್ದ ಹಲ್ಕೆನ್‌ಬರ್ಗ್ ಹ್ಯಾಮಿಲ್ಟನ್ ಎಂಬ ಇನ್ನೊಬ್ಬ ಚಾಲಕನ ಕಾರಿಗೆ ತಾಗಿ, ದಂಡ ತೆತ್ತು, ಐದನೆಯವನಾದ, ಜೆನ್ಸನ್ ಬಟನ್ ಗೆದ್ದ. ಆ ಇಬ್ಬರ ಬಳಿ ಉಳಿದವರಿಗಿಂತ ಬೇರೆ ರಬ್ಬರ್ ಇರಲಿಲ್ಲ, ಬೇರೆ ಅಂದಾಜು ಇತ್ತು.

ಒದ್ದೆಯಲ್ಲಿ ಓಡುವ ಗೆರೆಯೂ ಬದಲಾಗುತ್ತದೆ. ಒಣ ದಿನಗಳಲ್ಲಿ ಎಲ್ಲರೂ ಹಾಯುವ ಗೆರೆಯ ಮೇಲೆ ರಬ್ಬರ್ ಬಳಿದುಕೊಂಡು ನುಣುಪಾಗಿರುತ್ತದೆ. ಮಳೆಗೆ ಅದೇ ಅತಿ ಜಾರುವ ಜಾಗ. ಆ ಗೆರೆ ಬಿಟ್ಟು ಒರಟು ಡಾಂಬರು ಹುಡುಕುವವನು ಟೈರ್ ಬದಲಿಸದೆಯೂ ಹಿಡಿತ ಪಡೆಯುತ್ತಾನೆ.

ಇನ್ನೂ ಇತ್ಯರ್ಥವಾಗದ್ದು

ಒಣಗುತ್ತಿರುವ ಟ್ರ್ಯಾಕಿನಲ್ಲಿ ಯಾವ ಸುತ್ತಿಗೆ ಟೈರ್ ಬದಲಿಸಬೇಕು ಎಂದು ಹೇಳುವ ಮೀಟರ್ ಇಲ್ಲ. ರೇಸಿನ ತಂಡಗಳೂ ಪಕ್ಕದ ಕಾರಿನ ಸುತ್ತಿನ ಸಮಯ ನೋಡಿ ನಿರ್ಧರಿಸುತ್ತವೆ. ನಿಂತ ನೀರಿನಲ್ಲಿ ಬಿಸಿ ಹವಾದ ಗುರಿ ಎಷ್ಟು ಎಂಬುದಕ್ಕೆ ಎರಡು ಪಕ್ಷಗಳೂ ತಮ್ಮ ತಮ್ಮ ಸುತ್ತಿನ ಸಮಯವನ್ನೇ ಸಾಕ್ಷಿಯಾಗಿ ತರುತ್ತವೆ, ಕಾರು ಬದಲಾದರೆ ಉತ್ತರವೂ ಬದಲಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಟೈರ್ ವಯಸ್ಸಾಗುವ ಬಗೆಯೂ ತಕರಾರಿನದು. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತಕ್ಕೆ ಬಿಸಾಡಿ ಎಂಬ ಸಲಹೆ ತಂಪು ದೇಶದ್ದು. ನಲವತ್ತು ಡಿಗ್ರಿ ದಾಟುವ ಬೀದರ್, ಕಲಬುರಗಿಯ ಏಪ್ರಿಲ್-ಮೇಗಳಿಗೆ ಅದು ಉದಾರವೆಂದೇ ನನ್ನ ಅನಿಸಿಕೆ.

ಎಲ್ಲಕ್ಕಿಂತ ಬಿಸಿಯಾದ ವಾದ ಬಟನ್ನಿನ ಆಳದ್ದು. ನಮ್ಮ ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಉಳಿದಿರಬೇಕು. ಮೂರಕ್ಕೇ ಬದಲಿಸಿ ಎನ್ನುವವರು ಒಂದು ಕಡೆ. ಒಳ್ಳೆಯ ಟೈರ್ 1.6ರವರೆಗೂ ನಂಬಿಕೆಗೆ ಅರ್ಹ, ಬೇಗ ಬಿಸಾಡುವುದು ದುಂದು ಎನ್ನುವ ಮಿಷೆಲಿನ್‌ನಂಥವರು ಇನ್ನೊಂದು ಕಡೆ. ಬಹುಕಾಲ ಒದ್ದೆ ಹಿಡಿತದ ಪರೀಕ್ಷೆ ನಡೆಯುತ್ತಿದ್ದುದೇ ಹೊಸ ಟೈರಿನ ಮೇಲೆ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಮಾದರಿಯ ಕಾರ್ ಟೈರುಗಳನ್ನು ಸವೆದ ಸ್ಥಿತಿಯಲ್ಲೂ ಒದ್ದೆ ನೆಲದ ಮೇಲೆ ಪರೀಕ್ಷಿಸುವ ನಿಯಮ ಬಂದಿದೆ. ಭಾರತ 2022ರಲ್ಲಿ ಒದ್ದೆ ಹಿಡಿತದ ಮಾನದಂಡ ಪ್ರಕಟಿಸಿತು. ಆದರೆ ಟ್ರ್ಯಾಕಿನಲ್ಲಿ ನಾಲ್ಕು ಗಂಟೆ ಉಜ್ಜಿಸಿಕೊಂಡು, ಹೊರ ಅಂಚು ಮೂರಕ್ಕೂ ಒಳ ಅಂಚು ಐದಕ್ಕೂ ಇಳಿದ ಟೈರ್, ಅದೇ ರಾತ್ರಿ ನೆಲ್ಲೂರಿನ ಬಳಿ ಸುರಿಯುವ ಮಳೆಯಲ್ಲಿ ಎಷ್ಟು ವೇಗದವರೆಗೆ ನೆಲ ಬಿಡದೆ ಹಿಡಿದಿರುತ್ತದೆ ಎಂಬುದು ಈ ಯಾವ ಪರೀಕ್ಷೆಯ ಪಟ್ಟಿಯಲ್ಲೂ ಇಲ್ಲ.